ಹಾಯಿದೋಣಿ, ಕಾರ್ ಓಟ ಮತ್ತು ಕ್ರೀಡಾ ಮನೋಭಾವ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ಚರಿತ್ರೆಯನ್ನು ನನಗಿಂತ ಹಿರಿಯರು ಬರೆಯುತ್ತಿದ್ದಾರೆ. ಇತಿಹಾಸ ಪಾಠ ಮಾಡುವ ನಾನು ಕ್ರೀಡಾ ಚರಿತ್ರೆಯಿಂದ ಎರಡು ಘಟನೆಗಳನ್ನು ಆರಿಸಿಕೊಂಡಿದ್ದೇನೆ. ಒಂದು ಕಡಲಿನದು, ಇನ್ನೊಂದು ರಸ್ತೆಯದು.

ಹಾಯಿದೋಣಿ ಸ್ಪರ್ಧೆಯ ಮೊದಲ ನಿಯಮ ಗೆಲುವಿನ ಮಾತನ್ನೇ ಆಡುವುದಿಲ್ಲ. ಅಪಾಯದಲ್ಲಿರುವವರಿಗೆ ಕೈಲಾದ ನೆರವು ನೀಡಬೇಕು ಎನ್ನುತ್ತದೆ. ಇನ್ನೊಂದು ದೋಣಿಗೆ ಅಡ್ಡ ಬಂದವನು ಯಾರೂ ಹೇಳದಿದ್ದರೂ ತನ್ನ ದೋಣಿಯನ್ನು ಸುತ್ತು ಹಾಕಿಸಿ ತಾನೇ ದಂಡ ತೆರಬೇಕು. ನಮ್ಮ ಕಬಡ್ಡಿಯಲ್ಲಿ ಮುಟ್ಟಿಸಿಕೊಂಡ ಹುಡುಗ ತೀರ್ಪುಗಾರರು ಸೀಟಿ ಊದುವ ಮೊದಲೇ ಹೊರಗೆ ನಡೆದಂತೆ. (ಎಲ್ಲರೂ ನಡೆಯುವುದಿಲ್ಲ, ಅದು ಬೇರೆ ಮಾತು!) ಕಾರ್ ಓಟದಲ್ಲಿ ತಪ್ಪು ಹಿಡಿಯುವುದು ಅಧಿಕಾರಿಗಳ ಕೆಲಸ. ಚಾಲಕನು ಬಾಯಿ ಬಿಡಬೇಕಾಗಿಲ್ಲ.

1988ರ ಸೋಲ್ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆಗಳು ಪುಸಾನ್ ಬಂದರಿನ ಬಳಿ ನಡೆದವು. ಕೆನಡಾದ ಲಾರೆನ್ಸ್ ಲೆಮ್ಯೂ ಒಬ್ಬರೇ ನಡೆಸುವ ಫಿನ್ ದೋಣಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದರು. ಬಿರುಗಾಳಿಗೆ ಸಿಂಗಪುರದ ಇಬ್ಬರ ದೋಣಿ ಮಗುಚಿದ್ದು ಕಂಡಿತು. ಅವರದು ಬೇರೆಯೇ ಸ್ಪರ್ಧೆ. ಲೆಮ್ಯೂ ದಾರಿ ಬಿಟ್ಟು ಹೋಗಿ ಇಬ್ಬರನ್ನೂ ನೀರಿನಿಂದ ಎತ್ತಿದರು, ರಕ್ಷಣಾ ದೋಣಿ ಬರುವ ತನಕ ಕಾದರು, ಆಮೇಲೆ ಓಟ ಮುಂದುವರಿಸಿದರು. ತೀರ್ಪುಗಾರರು ಆ ಓಟದ ಎರಡನೆಯ ಸ್ಥಾನವನ್ನು ಅವರಿಗೇ ಕೊಟ್ಟರು. ಒಟ್ಟು ಸ್ಪರ್ಧೆಯಲ್ಲಿ ಬಂದದ್ದು 11ನೆಯ ಸ್ಥಾನ. ಒಲಿಂಪಿಕ್ ಸಮಿತಿ ಪಿಯರ್ ದ ಕೂಬರ್ಟಿನ್ ಪದಕ ನೀಡಿ ಗೌರವಿಸಿತು.

ಇದಕ್ಕೆ 30 ವರ್ಷ ಮೊದಲು, 1958ರಲ್ಲಿ, ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಗ್ರ್ಯಾನ್ ಪ್ರೀ ಕಾರ್ ಓಟ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಗೆದ್ದರು. ಅವರದೇ ದೇಶದ ಮೈಕ್ ಹಾಥಾರ್ನ್ ಎರಡನೆಯವರು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟಕ್ಕೆ ಪೈಪೋಟಿ ಇವರಿಬ್ಬರ ನಡುವೆಯೇ. ಓಟದ ಕೊನೆಯಲ್ಲಿ ಹಾಥಾರ್ನರ ಕಾರು ಗಿರಕಿ ಹೊಡೆದು ನಿಂತಿತ್ತು. ಇಳಿಜಾರಿನಲ್ಲಿ ಉರುಳಿಸಿ ಎಂಜಿನ್ ಚಾಲೂ ಮಾಡುವಾಗ ಓಟದ ದಿಕ್ಕಿಗೆ ಎದುರಾಗಿ ಸಾಗಿದರೆಂದು ಅಧಿಕಾರಿಗಳು ಅವರನ್ನು ಅನರ್ಹಗೊಳಿಸಲು ಹೊರಟರು. ಆಗ ಮಾಸ್ ತಾವೇ ಹೋಗಿ, ಕಾರು ಇದ್ದದ್ದು ಕಾಲುದಾರಿಯಲ್ಲಿ, ಓಟದ ರಸ್ತೆಯಲ್ಲಲ್ಲ ಎಂದು ಎದುರಾಳಿಯ ಪರ ಸಾಕ್ಷಿ ಹೇಳಿದರು. ಹಾಥಾರ್ನರ 7 ಅಂಕಗಳು ಉಳಿದವು.

ಇವೆರಡರಲ್ಲಿ ನನ್ನ ಮನಸ್ಸು ವಾಲುವುದು ಮಾಸ್ ಕಡೆಗೆ. ಲೆಮ್ಯೂ ಅವರದು ಸಣ್ಣ ಕೆಲಸವಲ್ಲ, ಎರಡು ಜೀವ ಉಳಿಯಿತು. ಆದರೆ ಕಡಲಿನ ಆಟದಲ್ಲಿ ಅದನ್ನು ಮಾಡು ಎನ್ನುವ ನಿಯಮವಿತ್ತು, ಕಳೆದದ್ದನ್ನು ಹಿಂತಿರುಗಿಸುವ ತೀರ್ಪುಗಾರರಿದ್ದರು. ಮಾಸ್ ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ವರ್ಷದ ಕೊನೆಯ ಓಟ ಮೊರಾಕ್ಕೊದಲ್ಲಿ. ಅದನ್ನೂ ಮಾಸ್ ಗೆದ್ದರು. ಆ ಸಾಲಿನಲ್ಲಿ ಅವರು ಗೆದ್ದ ಓಟಗಳು 4, ಹಾಥಾರ್ನ್ ಗೆದ್ದದ್ದು 1. ಅಂಕ ಕೂಡಿಸಿದಾಗ ಹಾಥಾರ್ನ್ 42, ಮಾಸ್ 41. ಮುಂದೆಯೂ ಆ ಪಟ್ಟ ಮಾಸ್ ಅವರಿಗೆ ಒಲಿಯಲಿಲ್ಲ. ವಿಶ್ವ ಚಾಂಪಿಯನ್ನರ ಪಟ್ಟಿಯಲ್ಲಿ 1958ರ ಎದುರು ಇಂದಿಗೂ ಇರುವುದು ಹಾಥಾರ್ನ್ ಹೆಸರು.