‘ಹದ’ ಅರಿಯುವ ಯಂತ್ರ: ಅಸ್ಪಷ್ಟ ತರ್ಕ ಎಂದರೇನು?

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಜಗತ್ ವೃತ್ತದಲ್ಲಿ ನಿಂತವರಿಗೆ ಬಿಸಿಲು ‘ವಿಪರೀತ’ ಎನ್ನಲು ಉಷ್ಣಮಾಪಕ ಬೇಕಿಲ್ಲ. ಯಂತ್ರಕ್ಕೆ ಮಾತ್ರ ಅಂಕಿ ಬೇಕು. 40 ಡಿಗ್ರಿ ದಾಟಿದರೆ ವಿಪರೀತ ಎಂದು ಅದಕ್ಕೆ ವಿಧಿಸಿದರೆ, 39.9 ಡಿಗ್ರಿಯನ್ನು ಅದು ‘ವಿಪರೀತವಲ್ಲ’ ಎಂದೇ ತೀರ್ಮಾನಿಸುತ್ತದೆ. ಹೌದು–ಅಲ್ಲಗಳ ನಡುವಿನ ಈ ಕಂದಕವನ್ನು ತುಂಬಲು ರೂಪುಗೊಂಡ ಗಣಿತವೇ ಫಜಿ ಲಾಜಿಕ್ ಅಥವಾ ಅಸ್ಪಷ್ಟ ತರ್ಕ.

ಹುಟ್ಟು

ಬಾಕು ನಗರದಲ್ಲಿ 1921ರಲ್ಲಿ ಜನಿಸಿ, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಲಾಟ್ಫಿ ಜಾದೆ 1965ರಲ್ಲಿ ಈ ಸಿದ್ಧಾಂತವನ್ನು ಮಂಡಿಸಿದರು. ಒಂದು ವಸ್ತು ಒಂದು ಗುಂಪಿಗೆ ಸೇರುತ್ತದೆ ಅಥವಾ ಸೇರುವುದಿಲ್ಲ ಎಂಬುದು ಸಾಂಪ್ರದಾಯಿಕ ಗಣಿತದ ನಿಲುವು. ಸೊನ್ನೆಯಿಂದ ಒಂದರವರೆಗಿನ ಯಾವುದೇ ಪ್ರಮಾಣದಲ್ಲಿ ಅದು ಸೇರಬಹುದು ಎಂಬುದು ಜಾದೆ ಅವರ ವಾದ. 34 ಡಿಗ್ರಿಗೆ ‘ವಿಪರೀತ’ದ ಪ್ರಮಾಣ 0, 42ಕ್ಕೆ 1 ಎಂದಿಟ್ಟು ಸಮನಾಗಿ ಏರಿಸಿದರೆ 40 ಡಿಗ್ರಿಗೆ 0.75, 39.9 ಡಿಗ್ರಿಗೆ ಸುಮಾರು 0.74 ಬರುತ್ತದೆ. ಕಂದಕವಿದ್ದಲ್ಲಿ ಇಳಿಜಾರು ಮೂಡುತ್ತದೆ.

ಇದು ಸಂಭವನೀಯತೆಯಲ್ಲ. ‘ನಾಳೆ ಮಳೆ ಬರುವ ಸಾಧ್ಯತೆ ಶೇ 70’ ಎಂಬಲ್ಲಿ ಅನಿಶ್ಚಿತವಾಗಿರುವುದು ಘಟನೆ. ‘ನಿನ್ನೆ ಬಿದ್ದದ್ದು ಹದ ಮಳೆ’ ಎಂಬಲ್ಲಿ ಮಳೆ ಬಿದ್ದಾಗಿದೆ, ಅದರ ಅಳತೆಯೂ ಗೊತ್ತು. ಗಡಿ ಮಸುಕಾಗಿರುವುದು ‘ಹದ’ ಎಂಬ ಪದಕ್ಕೆ.

ಕೆಲಸ ಮಾಡುವ ಬಗೆ

ಕಮಲಾಪುರದ ಕೆಂಪು ಬಾಳೆಯ ತೋಟವೊಂದಕ್ಕೆ ಇಂಥ ತರ್ಕದ ಹನಿ ನೀರಾವರಿ ಯಂತ್ರ ಅಳವಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಎರಡು ಸೂತ್ರಗಳು: ಬಿಸಿಲು ವಿಪರೀತವಾಗಿದ್ದು ಮಣ್ಣು ಒಣಗಿದ್ದರೆ 60 ನಿಮಿಷ ನೀರು, ಮಣ್ಣಿನಲ್ಲಿ ತೇವವಿದ್ದರೆ 10 ನಿಮಿಷ. ಬಿಸಿಲಿನ ಪ್ರಮಾಣ 0.75, ಮಣ್ಣು ಒಣಗಿದ ಪ್ರಮಾಣ 0.4, ತೇವದ ಪ್ರಮಾಣ 0.6 ಇದ್ದಾಗ, ಮೊದಲ ಸೂತ್ರಕ್ಕೆ ಅದರ ಎರಡು ಷರತ್ತುಗಳಲ್ಲಿ ಕಡಿಮೆಯಾದ 0.4ರ ಬಲ ದೊರೆಯುತ್ತದೆ. ಎರಡನೆಯದಕ್ಕೆ 0.6. ಬಲಕ್ಕೆ ತಕ್ಕಂತೆ ಸರಾಸರಿ ತೆಗೆದರೆ ಉತ್ತರ 30 ನಿಮಿಷ. ಅನುಭವಿ ರೈತ ಮಣ್ಣನ್ನು ಕೈಯಲ್ಲಿ ಹಿಡಿದು ನಿರ್ಧರಿಸುವುದೂ ಬಹುಮಟ್ಟಿಗೆ ಹೀಗೆಯೇ.

1970ರ ದಶಕದ ಮಧ್ಯಭಾಗದಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇಬ್ರಾಹಿಂ ಮಾಮ್ದಾನಿ ಈ ವಿಧಾನದಿಂದ ಪ್ರಯೋಗಾಲಯದ ಉಗಿಯಂತ್ರವನ್ನು ನಿಯಂತ್ರಿಸಿ ತೋರಿಸಿದರು. 1987ರಲ್ಲಿ ಜಪಾನಿನ ಸೆಂಡೈ ನಗರದ ಸುರಂಗ ರೈಲಿಗೆ ಇದನ್ನು ಬಳಸಲಾಯಿತು. ಬಳಿಕ ಬಟ್ಟೆ ಒಗೆಯುವ ಯಂತ್ರ, ಅನ್ನದ ಕುಕ್ಕರ್‌ಗಳಿಗೂ ಅದು ಬಂದಿತು.

ಗೆರೆಯ ಬೆಲೆ

ಅಂಕಿಯ ಗೆರೆ ಯಂತ್ರಗಳಿಗಷ್ಟೇ ಸೀಮಿತವಲ್ಲ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಶೇ 19ರಷ್ಟು ಕಡಿಮೆ ಮಳೆ ‘ವಾಡಿಕೆ’. ಶೇ 20 ಕಡಿಮೆಯಾದರೆ ‘ಕೊರತೆ’. ಬೆಳೆಹಾನಿ ಪರಿಹಾರಕ್ಕೆ ಬೇಕಾದ ಕನಿಷ್ಠ ಹಾನಿಯ ಮಿತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಶೇ 50ರಿಂದ 33ಕ್ಕೆ ಇಳಿಸಿತು. ಗೆರೆ ಸರಿಯಿತು, ಅಳಿಯಲಿಲ್ಲ. ಶೇ 33ರಷ್ಟು ತೊಗರಿ ಕಳೆದುಕೊಂಡ ರೈತ ಗೆರೆಯ ಒಳಗೆ. ಶೇ 32ರಷ್ಟು ಕಳೆದುಕೊಂಡ ನೆರೆಹೊಲದವನು ಹೊರಗೆ. ಇಬ್ಬರ ನಷ್ಟದ ನಡುವಿನ ಅಂತರ ಕೆಲವೇ ಸೇರು.

ಹಾನಿಯ ಪ್ರಮಾಣಕ್ಕೆ ತಕ್ಕಂತೆ ಪರಿಹಾರವೂ ಹಂತಹಂತವಾಗಿ ಏರುವ ಲೆಕ್ಕವನ್ನು ಅಸ್ಪಷ್ಟ ತರ್ಕ ಒದಗಿಸಬಲ್ಲದು. ಆದರೆ ಇಳಿಜಾರು ಎಲ್ಲಿ ಆರಂಭವಾಗಬೇಕು, ಎಷ್ಟು ಕಡಿದಾಗಿರಬೇಕು ಎಂಬುದನ್ನು ಗಣಿತ ಹೇಳುವುದಿಲ್ಲ. ಅದನ್ನು ಮನುಷ್ಯರೇ ನಿಶ್ಚಯಿಸಬೇಕು. ಸರಳ ಗೆರೆಯನ್ನು ಕಚೇರಿಯಲ್ಲಿ ಪರಿಶೀಲಿಸುವುದು ಸುಲಭ ಎಂಬ ಮಾತೂ ತಳ್ಳಿಹಾಕುವಂಥದ್ದಲ್ಲ.

ಇಂದು ಯಂತ್ರಬುದ್ಧಿಯ ಮುಂಚೂಣಿಯಲ್ಲಿರುವುದು ಅಪಾರ ದತ್ತಾಂಶದಿಂದ ತಾವೇ ಕಲಿಯುವ ನರಜಾಲಗಳು. ಅವು ಒಂದು ನಿರ್ಧಾರಕ್ಕೆ ಬಂದದ್ದು ಏಕೆ ಎಂದು ವಿವರಿಸುವುದು ಹಲವು ವೇಳೆ ಕಷ್ಟ. ಅಸ್ಪಷ್ಟ ತರ್ಕದ ಸೂತ್ರಗಳಾದರೋ ಆಡುಮಾತಿನಲ್ಲೇ ಇರುತ್ತವೆ. ಅವನ್ನು ಓದಿ, ಪ್ರಶ್ನಿಸಿ, ತಿದ್ದಬಹುದು. 2017ರಲ್ಲಿ ನಿಧನರಾದ ಜಾದೆ ಉಳಿಸಿಹೋದ ತರ್ಕದ ಹೆಸರಷ್ಟೇ ಅಸ್ಪಷ್ಟ. ಅದರ ಲೆಕ್ಕ ಪೂರ್ಣ ಸ್ಪಷ್ಟ.