ಕ್ರೈಟೀರಿಯನ್ ಚಾನೆಲ್: ತಿಂಗಳ ಪಟ್ಟಿಯಲ್ಲಿ ಬರುವ ಚಿತ್ರ, ಹೋಗುವ ಚಿತ್ರ

ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಹಳೆಯ, ಒಳ್ಳೆಯ ಸಿನಿಮಾಗಳನ್ನು ಇಂಟರ್‌ನೆಟ್ ಮೂಲಕ ಮನೆಗೆ ತಲುಪಿಸುವ ಸೇವೆಯೊಂದಿದೆ. ಅದರ ಹೆಸರು ಕ್ರೈಟೀರಿಯನ್ ಚಾನೆಲ್. ಪ್ರತಿ ತಿಂಗಳೂ ಅದು ಮುಂದಿನ ತಿಂಗಳು ತೋರಿಸಲಿರುವ ಚಿತ್ರಗಳ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ಪಟ್ಟಿ ಹೊರಬಿದ್ದ ದಿನ ಅಲ್ಲಿನ ಚಿತ್ರರಸಿಕರಿಗೆ ಬೇರೆ ಮಾತಿಲ್ಲ. ಯಾವುದು ಬಂತು, ಯಾವುದು ಈ ಸಲವೂ ಬರಲಿಲ್ಲ, ಹೋದ ವರ್ಷ ತೋರಿಸಿದ್ದನ್ನೇ ಮತ್ತೆ ಯಾಕೆ ತಂದರು, ಹೀಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ.

ಇದರ ಜೊತೆಗೆ ಇನ್ನೊಂದು ಪಟ್ಟಿಯೂ ಇರುತ್ತದೆ. ಅದು ತಿಂಗಳ ಕೊನೆಯ ದಿನ ತೆಗೆದುಹಾಕಲಿರುವ ಚಿತ್ರಗಳದ್ದು. ಅನುಭವಸ್ಥ ಚಂದಾದಾರರು ಮೊದಲು ಓದುವುದು ಇದನ್ನೇ.

ಟೂರಿಂಗ್ ಟಾಕೀಸಿನ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿನಗಾಡಿಗೆ ಪೋಸ್ಟರ್ ಕಟ್ಟಿಕೊಂಡು ಮೈಕಿನಲ್ಲಿ ‘ಇಂದೇ ಕಡೆಯ ಆಟ’ ಎಂದು ಕೂಗುತ್ತಾ ಹೋದರೆ ಅಂದು ರಾತ್ರಿ ಟೆಂಟಿನಲ್ಲಿ ನೆಲ ಸಿಗುತ್ತಿರಲಿಲ್ಲ. ಹೊಸೂರು, ತಾಳವಾಡಿ ಕಡೆಯವರಿಗೆ ತಮಿಳು ಪೋಸ್ಟರಿನ ಮೇಲೆ ಅಂಟಿಸುತ್ತಿದ್ದ ‘ಇನ್ರೇ ಕಡೈಸಿ’ ಚೀಟಿ ನೆನಪಿರಬಹುದು. ರೀಲಿನ ಡಬ್ಬ ಮರುದಿನ ಬೇರೆ ಊರಿಗೆ ಹೋಗಲೇಬೇಕಿತ್ತು. ಈಗ ಡಬ್ಬವೂ ಇಲ್ಲ, ರೀಲೂ ಇಲ್ಲ. ಆದರೂ ಚಿತ್ರ ಹೊರಟುಹೋಗುತ್ತದೆ. ಯಾಕೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜೇನಸ್‌ನಿಂದ ಚಾನೆಲ್‌ವರೆಗೆ

1956ರಲ್ಲಿ ಬ್ರಯಂಟ್ ಹ್ಯಾಲಿಡೇ ಮತ್ತು ಸೈರಸ್ ಹಾರ್ವೆ ಎಂಬಿಬ್ಬರು ಜೇನಸ್ ಫಿಲ್ಮ್ಸ್ ಎಂಬ ವಿತರಣಾ ಸಂಸ್ಥೆ ಕಟ್ಟಿದರು. ಹಾಲಿವುಡ್ ಚಿತ್ರಗಳನ್ನಷ್ಟೇ ನೋಡುತ್ತಿದ್ದ ಅಮೆರಿಕನ್ನರಿಗೆ ಬರ್ಗ್‌ಮನ್, ಫೆಲಿನಿ, ಕುರೋಸಾವ ಮುಂತಾದವರ ಚಿತ್ರಗಳನ್ನು ತೋರಿಸಿದ ಸಂಸ್ಥೆಗಳಲ್ಲಿ ಇದು ಮುಖ್ಯವಾದದ್ದು. 1984ರಲ್ಲಿ ಕ್ರೈಟೀರಿಯನ್ ಕಲೆಕ್ಷನ್ ಹುಟ್ಟಿತು. ಆಗ ಇನ್ನೂ ಲೇಸರ್ ಡಿಸ್ಕಿನ ಕಾಲ. ಊಟದ ತಟ್ಟೆಯಷ್ಟು ಅಗಲದ ಆ ಡಿಸ್ಕಿನಲ್ಲಿ ಮೊದಲು ಬಂದದ್ದು ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’. ‘ಕಿಂಗ್ ಕಾಂಗ್’ ಡಿಸ್ಕಿನಲ್ಲಿ ರೊನಾಲ್ಡ್ ಹೇವರ್ ಎಂಬ ಸಿನಿಮಾ ಇತಿಹಾಸಕಾರ ಚಿತ್ರದುದ್ದಕ್ಕೂ ಪಕ್ಕದಲ್ಲಿ ಕುಳಿತವರಂತೆ ವಿವರಣೆ ಕೊಟ್ಟರು. ಮುಂದೆ ಡಿವಿಡಿಗಳಲ್ಲೆಲ್ಲ ಮಾಮೂಲಾದ ‘ಕಾಮೆಂಟರಿ’ ಶುರುವಾದದ್ದು ಹೀಗೆ. 1998ರಲ್ಲಿ ಕ್ರೈಟೀರಿಯನ್ ಡಿವಿಡಿಗೆ ಬಂತು, 2008ರಲ್ಲಿ ಬ್ಲೂರೇಗೆ ಬಂತು.

ಡಿಸ್ಕು ಕೊಂಡವರಿಗೆ ಚಿತ್ರ ಮನೆಯ ಕಪಾಟಿನಲ್ಲೇ ಇರುತ್ತಿತ್ತು. ಸ್ಟ್ರೀಮಿಂಗ್ ಬಂದ ಮೇಲೆ ಪಾಡು ಬೇರೆಯಾಯಿತು. 2011ರಿಂದ ಕೆಲವು ವರ್ಷ ಕ್ರೈಟೀರಿಯನ್ ಚಿತ್ರಗಳು ಹುಲು ಎಂಬ ಸೇವೆಯ ಮನೆಯಲ್ಲಿ ಬಾಡಿಗೆಗಿದ್ದವು. 2016ರ ನವೆಂಬರ್ 1ರಂದು ಟರ್ನರ್ ಕ್ಲಾಸಿಕ್ ಮೂವೀಸ್ ಜೊತೆ ಸೇರಿ ಫಿಲ್ಮ್‌ಸ್ಟ್ರಕ್ ಎಂಬ ಸೇವೆ ಆರಂಭವಾಯಿತು. ರಸಿಕರು ಕೊನೆಗೂ ಒಂದು ನೆಲೆ ಸಿಕ್ಕಿತು ಎಂದುಕೊಂಡರು.

ಆ ನೆಲೆ ಎರಡು ವರ್ಷ ಬಾಳಿತು. 2018ರ ಜೂನ್‌ನಲ್ಲಿ ಟರ್ನರ್‌ನ ಒಡೆತನ ಹೊಂದಿದ್ದ ಟೈಮ್ ವಾರ್ನರ್ ಕಂಪನಿಯನ್ನು ಟೆಲಿಫೋನ್ ದೈತ್ಯ ಎಟಿ ಅಂಡ್ ಟಿ ಕೊಂಡುಕೊಂಡಿತು. ಅಕ್ಟೋಬರ್ 26ರಂದು ಫಿಲ್ಮ್‌ಸ್ಟ್ರಕ್ ಮುಚ್ಚುವ ಪ್ರಕಟಣೆ ಬಂತು, ನವೆಂಬರ್ 29ಕ್ಕೆ ಬಾಗಿಲು ಹಾಕಿಯೂ ಆಯಿತು. ಸುಮಾರು ಒಂದು ತಿಂಗಳ ನೋಟಿಸಿನಲ್ಲಿ ಇಡೀ ಗ್ರಂಥಾಲಯವೇ ಕಣ್ಮರೆ. ಮಾರ್ಟಿನ್ ಸ್ಕಾರ್ಸೆಸಿ, ಸ್ಟೀವನ್ ಸ್ಪೀಲ್‌ಬರ್ಗ್, ಕ್ರಿಸ್ಟೋಫರ್ ನೋಲನ್ ಅವರಂಥ ನಿರ್ದೇಶಕರು ಸೇವೆ ಉಳಿಸಿ ಎಂದು ಕೇಳಿಕೊಂಡರು. ಸಾವಿರಾರು ಪ್ರೇಕ್ಷಕರು ಮನವಿಗೆ ಸಹಿ ಹಾಕಿದರು. ಫಿಲ್ಮ್‌ಸ್ಟ್ರಕ್ ಉಳಿಯಲಿಲ್ಲ. ಆದರೆ ಅದೇ ನವೆಂಬರ್‌ನಲ್ಲಿ ಕ್ರೈಟೀರಿಯನ್ ತಾನೇ ಸ್ವಂತ ಸೇವೆ ತೆರೆಯುವುದಾಗಿ ಹೇಳಿತು. 2019ರ ಏಪ್ರಿಲ್ 8ರಂದು ಕ್ರೈಟೀರಿಯನ್ ಚಾನೆಲ್ ಶುರುವಾಯಿತು. ಆಗಿನ ಚಂದಾ ತಿಂಗಳಿಗೆ 10.99 ಡಾಲರ್. 2024ರಲ್ಲಿ ಕ್ರೈಟೀರಿಯನ್ ಮತ್ತು ಜೇನಸ್ ಎರಡನ್ನೂ ಸ್ಟೀವನ್ ರೇಲ್ಸ್ ಎಂಬ ಉದ್ಯಮಿ ಕೊಂಡರು.

2018ರ ಆ ಪೆಟ್ಟು ತಿಂದ ಮೇಲೆಯೇ ರಸಿಕರು ತಿಂಗಳ ಪಟ್ಟಿಯನ್ನು ಇಷ್ಟು ಎಚ್ಚರದಿಂದ ಓದತೊಡಗಿದ್ದು ಎಂದರೆ ತಪ್ಪಾಗಲಾರದು.

ಚಿತ್ರ ಯಾಕೆ ಹೋಗುತ್ತದೆ?

ಚಾನೆಲ್‌ನಲ್ಲಿರುವ ಚಿತ್ರಗಳಲ್ಲಿ ಎರಡು ಬಗೆ. ಜೇನಸ್ ಮತ್ತು ಕ್ರೈಟೀರಿಯನ್ ಬಳಿ ದೀರ್ಘಕಾಲದ ಹಕ್ಕು ಇರುವ ಚಿತ್ರಗಳು ಒಂದು ಬಗೆ. ಇವು ಹೆಚ್ಚುಕಡಿಮೆ ಕಾಯಂ. ಕುರೋಸಾವನ ‘ಸೆವೆನ್ ಸಮುರಾಯ್’ ನೋಡಲು ಆತುರಪಡಬೇಕಾಗಿಲ್ಲ. ಎರಡನೆಯ ಬಗೆಯವು ಬೇರೆ ಸ್ಟುಡಿಯೋಗಳಿಂದ ಕೆಲವು ತಿಂಗಳ ಮಟ್ಟಿಗೆ ಗುತ್ತಿಗೆಗೆ ತಂದವು. ಹೊಲವನ್ನು ಗುತ್ತಿಗೆಗೆ ಹಿಡಿದ ಹಾಗೆಯೇ ಇದು. ಅವಧಿ ಮುಗಿದರೆ ಬಿಟ್ಟುಕೊಡಬೇಕು, ಬೇಕಾದರೆ ಮತ್ತೆ ಹೊಸ ಕರಾರು ಮಾಡಿಕೊಳ್ಳಬೇಕು. ಚಾನೆಲ್ ಆರಂಭವಾದ ದಿನ ಎಲ್ಲರ ಕಣ್ಣು ಸೆಳೆದ ಕೊಲಂಬಿಯಾ ಸ್ಟುಡಿಯೋದ ಅಪರಾಧ ಚಿತ್ರಗಳ ಗುಚ್ಛ ಈ ಬಗೆಯದ್ದು.

ತಿಂಗಳ ಪಟ್ಟಿಗೆ ರುಚಿ ತರುವುದು ಈ ಗುತ್ತಿಗೆ ಚಿತ್ರಗಳೇ. ಒಬ್ಬ ನಟಿ, ಒಬ್ಬ ಛಾಯಾಗ್ರಾಹಕ, ಒಂದು ನಗರ, ಒಂದು ದಶಕ ಹೀಗೆ ಯಾವುದಾದರೊಂದು ಎಳೆ ಹಿಡಿದು ಹತ್ತಿಪ್ಪತ್ತು ಚಿತ್ರಗಳನ್ನು ಪೋಣಿಸುತ್ತಾರೆ. ಎರಡು ಚಿತ್ರಗಳನ್ನು ಒಂದರ ಬೆನ್ನಿಗೆ ಒಂದಿಟ್ಟು ತೋರಿಸುವ ಜೋಡಿ ಆಟಗಳಿವೆ, ಮಕ್ಕಳನ್ನು ಕೂರಿಸಿಕೊಂಡು ನೋಡುವಂಥ ಶನಿವಾರದ ಚಿತ್ರವೂ ಇರುತ್ತಿತ್ತು. ಡೇವಿಡ್ ಬೋರ್ಡ್‌ವೆಲ್, ಕ್ರಿಸ್ಟಿನ್ ಥಾಂಪ್ಸನ್, ಜೆಫ್ ಸ್ಮಿತ್ ಎಂಬ ಮೂವರು ವಿದ್ವಾಂಸರು ಸಿನಿಮಾ ಕಟ್ಟುವ ಬಗೆಯ ಬಗ್ಗೆ ಕೊಟ್ಟ ಕಿರುಪಾಠಗಳು ಇಲ್ಲಿನ ದೊಡ್ಡ ಆಸ್ತಿ. ಬೋರ್ಡ್‌ವೆಲ್ 2024ರಲ್ಲಿ ತೀರಿಕೊಂಡರು. ಸಿನಿಮಾ ಕಲಿಯಬೇಕೆನ್ನುವ ಹುಡುಗರಿಗೆ ಕಾಲೇಜಿನ ಫೀಜು ಕಟ್ಟದೆ ಸಿಗುವ ಪಾಠ ಇದು.

2023ರಲ್ಲಿ ಚಾನೆಲ್ ಹಗಲು ರಾತ್ರಿ ಒಂದಾದ ಮೇಲೊಂದು ಚಿತ್ರ ಓಡಿಸುವ ಒಂದು ವಿಭಾಗ ತೆರೆಯಿತು. ಮುಂದೆ ಏನು ಬರುತ್ತದೆ ಎಂದು ಮೊದಲೇ ಹೇಳುವುದಿಲ್ಲ. ಪಟ್ಟಿ ನೋಡಿ ನೋಡಿ ಯಾವುದನ್ನು ಆರಿಸುವುದೆಂದು ತಿಳಿಯದೆ ಕೊನೆಗೆ ಏನನ್ನೂ ನೋಡದೆ ಮಲಗುವವರಿಗೆ ಇದರಿಂದ ಅನುಕೂಲವಾಗಿದೆ. ಟೆಂಟಿನಲ್ಲಿ ಹಾಕಿದ್ದನ್ನು ನೋಡುತ್ತಿದ್ದೆವಲ್ಲ, ಹಾಗೆ.

ಜಗಳ ಯಾವುದರ ಬಗ್ಗೆ?

ರಸಿಕರ ಚರ್ಚೆಯಲ್ಲಿ ಅರ್ಧ ಹರಟೆ ಎನ್ನುವುದು ನಿಜ. ಆದರೆ ಉಳಿದರ್ಧ ಲೆಕ್ಕಪತ್ರ. ಯಾವ ಚಿತ್ರದ ಹಕ್ಕು ಈಗ ಯಾರ ಕೈಯಲ್ಲಿದೆ, ಹೊಸದಾಗಿ ಸರಿಪಡಿಸಿದ ಪ್ರತಿ ಬಂದಿದೆಯೇ ಅಥವಾ ಹಳೆಯ ಮಸುಕು ಪ್ರತಿಯನ್ನೇ ಹಾಕಿದ್ದಾರೆಯೇ, ಚೌಕದ ಚಿತ್ರವನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ್ದಾರೆಯೇ ಎಂಬುದನ್ನೆಲ್ಲ ಇವರು ಪತ್ತೆ ಹಚ್ಚುತ್ತಾರೆ. ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಇಂದಿನ ಟಿವಿಯಲ್ಲಿ ಎಳೆದು ತೋರಿಸಿದಾಗ ನಾಯಕ ಕುಳ್ಳನಾಗಿ ದಪ್ಪಗೆ ಕಾಣುವುದನ್ನು ನೋಡಿದವರಿಗೆ ಈ ಸಿಟ್ಟು ಅರ್ಥವಾಗುತ್ತದೆ.

ಡಿಸ್ಕು ಕೊಳ್ಳುವವರು ಮತ್ತು ಚಂದಾ ಕಟ್ಟುವವರ ನಡುವಿನ ವಾದ ಮುಗಿಯುವಂಥದ್ದಲ್ಲ. ‘ಕಪಾಟಿನಲ್ಲಿದ್ದರೆ ನಮ್ಮದು’ ಎನ್ನುವವರು ಬಾರ್ನ್ಸ್ ಅಂಡ್ ನೋಬಲ್ ಎಂಬ ಪುಸ್ತಕ ಮಳಿಗೆಗಳಲ್ಲಿ ಅರ್ಧ ಬೆಲೆಗೆ ಕ್ರೈಟೀರಿಯನ್ ಡಿಸ್ಕು ಮಾರುವ ದಿನಗಳಿಗೆ ಕಾಯುತ್ತಾರೆ. ಚಂದಾದಾರರ ವಾದವೂ ಸುಳ್ಳಲ್ಲ. ಒಂದು ಡಿಸ್ಕಿನ ಬೆಲೆಗೆ ಒಂದೆರಡು ತಿಂಗಳು ಸಾವಿರಕ್ಕೂ ಹೆಚ್ಚು ಚಿತ್ರಗಳು ಸಿಗುತ್ತವೆ. ಆದರೂ 2018ರ ಪಾಠವನ್ನು ನೆನೆದರೆ ಡಿಸ್ಕಿನವರ ಮಾತಿಗೇ ತೂಕ ಜಾಸ್ತಿ.

ಯಾರ ಚಿತ್ರಗಳು ಪಟ್ಟಿಗೆ ಬರುತ್ತವೆ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. 2020ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಲೆಕ್ಕ ಹಾಕಿ ಬರೆಯಿತು. ಸಾವಿರ ದಾಟಿದ ಕ್ರೈಟೀರಿಯನ್ ಡಿಸ್ಕು ಸಂಗ್ರಹದಲ್ಲಿ ಆಫ್ರಿಕನ್ ಅಮೆರಿಕನ್ ನಿರ್ದೇಶಕರು ಕೇವಲ ನಾಲ್ವರು! ಸಂಸ್ಥೆಯ ಅಧ್ಯಕ್ಷ ಪೀಟರ್ ಬೆಕರ್ ಲೋಪವನ್ನು ಒಪ್ಪಿಕೊಂಡರು. ಅದಕ್ಕೂ ಮುನ್ನ ಅದೇ ಜೂನ್‌ನಲ್ಲಿ ಕಪ್ಪು ಜನರ ಹಲವು ಚಿತ್ರಗಳನ್ನು ಚಾನೆಲ್ ಚಂದಾ ಇಲ್ಲದೆಯೇ ನೋಡಲು ಬಿಟ್ಟಿತ್ತು. ಪಟ್ಟಿ ಮಾಡುವವರ ಕಣ್ಣಿಗೆ ಬೀಳದ ಚಿತ್ರ ಎಷ್ಟು ಚೆನ್ನಾಗಿದ್ದರೂ ಮೂಲೆ ಸೇರುತ್ತದೆ. ಗಡಿಯಾಚೆ ಇದ್ದು ಎರಡೂ ರಾಜ್ಯಗಳ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದನ್ನು ಕಂಡವರಿಗೆ ಇದು ಹೊಸ ಸಂಗತಿಯೇನಲ್ಲ.

ಪಟ್ಟಿಗೆ ಬರುವ ಮೊದಲು

ಚಿತ್ರವೊಂದು ಪಟ್ಟಿಯಲ್ಲಿ ಕಾಣಿಸಬೇಕಾದರೆ ಅದರ ನೆಗೆಟಿವ್ ಎಲ್ಲಾದರೂ ಬದುಕಿರಬೇಕು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಚಿತ್ರಗಳ ಕಥೆ ಕೇಳಿ. 1993ರಲ್ಲಿ ಲಂಡನ್ನಿನ ಲ್ಯಾಬೊಂದಕ್ಕೆ ಬೆಂಕಿ ಬಿದ್ದು ಅಲ್ಲಿದ್ದ ಮೂಲ ನೆಗೆಟಿವ್‌ಗಳು ಸುಟ್ಟವು. ಅರೆಬೆಂದ ಚೂರುಗಳನ್ನು ಅಮೆರಿಕದ ಆಸ್ಕರ್ ಅಕಾಡೆಮಿ ಎಸೆಯದೆ ಎತ್ತಿಟ್ಟಿತು. ವರ್ಷಗಳ ನಂತರ ಇಟಲಿಯ ಬೊಲೋನ್ಯ ನಗರದ ಲ್ಯಾಬಿನಲ್ಲಿ, ಒಣಗಿ ಮುರುಟಿದ್ದ ಆ ಫಿಲ್ಮಿಗೆ ತೇವ ಕೊಟ್ಟು ಮೆದು ಮಾಡಿ, ಕೈಯಿಂದಲೇ ಒಂದೊಂದಾಗಿ ಬಿಡಿಸಿದರು. ‘ಪಥೇರ್ ಪಾಂಚಾಲಿ’ಯ ಶೇ. 40ರಷ್ಟು, ‘ಅಪರಾಜಿತೊ’ದ ಶೇ. 60ಕ್ಕೂ ಹೆಚ್ಚು ಭಾಗ ಸುಟ್ಟ ನೆಗೆಟಿವ್‌ನಿಂದಲೇ ಮರಳಿ ಬಂತು. ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. ಕ್ರೈಟೀರಿಯನ್ ಮುಂದೆ ನಿಂತು ಮಾಡಿಸಿದ ಈ ಕೆಲಸ 2015ರಲ್ಲಿ ತೆರೆ ಕಂಡಿತು.

ಸ್ಕಾರ್ಸೆಸಿ 2007ರಲ್ಲಿ ಆರಂಭಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಬೇರೆ ಬೇರೆ ದೇಶಗಳ ಇಂಥ ಚಿತ್ರಗಳನ್ನು ಉಳಿಸುತ್ತಿದೆ. ಅದು ಕಾಪಾಡಿದ ಋತ್ವಿಕ್ ಘಟಕ್ ಅವರ ‘ತಿತಾಶ್ ಏಕ್ಟಿ ನದೀರ್ ನಾಮ್’ ಮತ್ತು ಉದಯ ಶಂಕರ್ ಅವರ ‘ಕಲ್ಪನಾ’ ಕ್ರೈಟೀರಿಯನ್ ಡಿಸ್ಕುಗಳಲ್ಲಿ ಬಂದಿವೆ. ಕಾಸರಗೋಡಿನ ಓದುಗರು ಗಮನಿಸಬೇಕಾದ ಹೆಸರೂ ಒಂದಿದೆ. ಜಿ. ಅರವಿಂದನ್ ಅವರ ಮಲಯಾಳಂ ಚಿತ್ರ ‘ಕುಮ್ಮಾಟ್ಟಿ’ಯನ್ನು (1979) ಚಿತ್ರೀಕರಿಸಿದ್ದು ಚೀಮೇನಿಯಲ್ಲಿ. ಕಾಸರಗೋಡು ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರದ ಕಾಲ ಅದು. ಆ ಚಿತ್ರದ ಮರುಜೀವ 2021ರಲ್ಲಿ ಆಯಿತು.

ಕನ್ನಡದ ಸರದಿ 2024ರಲ್ಲಿ ಬಂತು. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಹೊಸ ಪ್ರತಿಯಾಗಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿದ, ಸ್ವರ್ಣಕಮಲ ಗೆದ್ದ ಚಿತ್ರ ಇದು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸ್ಕಾರ್ಸೆಸಿಯವರ ಸಂಸ್ಥೆ ಸೇರಿ ಬೊಲೋನ್ಯದ ಅದೇ ಲ್ಯಾಬಿನಲ್ಲಿ ಇದನ್ನು ಮಾಡಿಸಿದವು. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಂಥ ಜಾಗದಲ್ಲಿ ಫಿಲ್ಮು ಉಳಿದಿದ್ದರೆ ಮಾತ್ರ ಇಂಥ ಕೆಲಸ ಸಾಧ್ಯ.

ಉಳಿಯದಿದ್ದರೆ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಚಿತ್ರೀಕರಣ ನಡೆದದ್ದು ಗಡಿಯಾಚೆಯ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಇಲ್ಲಿ ನೋಡುವುದು ಹೇಗೆ?

ಕ್ರೈಟೀರಿಯನ್ ಚಾನೆಲ್‌ಗೆ ಭಾರತದಿಂದ ಚಂದಾ ಕಟ್ಟಲಾಗದು. ಆ ಸೇವೆ ಅಮೆರಿಕ ಮತ್ತು ಕೆನಡಾಕ್ಕೆ ಸೀಮಿತ. ಇದೇ ಬಗೆಯ ಮೂಬಿ ಎಂಬ ಸೇವೆ ಮಾತ್ರ 2019ರ ನವೆಂಬರ್‌ನಲ್ಲಿ ಭಾರತಕ್ಕೂ ಬಂತು. 2007ರಲ್ಲಿ ಎಫೆ ಚಕರೆಲ್ ಕಟ್ಟಿದ ಸಂಸ್ಥೆ ಅದು. ದಿನಕ್ಕೊಂದು ಹೊಸ ಚಿತ್ರ, ಪ್ರತಿ ಚಿತ್ರಕ್ಕೆ ಮೂವತ್ತು ದಿನದ ಆಯುಷ್ಯ ಎಂಬ ಕಟ್ಟುನಿಟ್ಟಿನ ಪದ್ಧತಿಯಿಂದ ಅದು ಹೆಸರಾಗಿತ್ತು. 2020ರಲ್ಲಿ ಅದರ ಜೊತೆಗೆ ದೊಡ್ಡ ಸಂಗ್ರಹವನ್ನೂ ತೆರೆಯಿತು.

ವಿದೇಶದಲ್ಲಿರುವ ಮಕ್ಕಳಿಂದಲೋ ನೆಂಟರಿಂದಲೋ ಕ್ರೈಟೀರಿಯನ್ ಡಿಸ್ಕು ತರಿಸುವವರು ಒಂದನ್ನು ನೆನಪಿಡಬೇಕು. ಬ್ಲೂರೇ ಡಿಸ್ಕಿಗೆ ಪ್ರದೇಶದ ಬೀಗವಿರುತ್ತದೆ. ಅಮೆರಿಕದ್ದು ‘ಎ’ ವಲಯ, ಭಾರತದ್ದು ‘ಸಿ’. ಇಲ್ಲಿ ಕೊಂಡ ಪ್ಲೇಯರ್ ಅಲ್ಲಿನ ಬ್ಲೂರೇಯನ್ನು ಓಡಿಸದಿರಬಹುದು. 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು. ತರಿಸುವ ಮೊದಲು ಡಬ್ಬಿಯ ಹಿಂಬದಿಯ ಗುರುತನ್ನು ಒಮ್ಮೆ ಓದಿಸಿ ಕೇಳಿಕೊಳ್ಳುವುದು ಒಳ್ಳೆಯದು.