ಬಿಡಿಭಾಗಗಳು ಹೊಂದಿಕೊಂಡ ಕಥೆ

ನಮ್ಮ ವರ್ಕಾಡಿಯವರಿಗೆ ಮಂಗಳೂರು ಹತ್ತಿರ, ತಿರುವನಂತಪುರ ದೂರ. ಪಾಠಪುಸ್ತಕ, ಪರೀಕ್ಷೆ, ಆದೇಶ ಎಲ್ಲವೂ ದಕ್ಷಿಣದಿಂದ ಬರುತ್ತವೆ. ಕಂಪ್ಯೂಟರಿಗೆ ಒಂದು ಬಿಡಿಭಾಗ ಬೇಕಾದರೆ ಮಾತ್ರ ನಾವು ಉತ್ತರಕ್ಕೆ ಹೋಗುವ ಬಸ್ಸು ಹತ್ತುತ್ತೇವೆ.

2008ರ ಸುಮಾರಿಗೆ ನಾವೂ ಹಾಗೆ ಹೊರಟಿದ್ದೆವು. ಕೇರಳದಲ್ಲಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಗಿ, ಮುಂದೆ ಐ.ಟಿ.ಯು ಎಸ್.ಎಸ್.ಎಲ್.ಸಿ. ಪರೀಕ್ಷೆಯ ವಿಷಯವೂ ಆಯಿತು. ಲ್ಯಾಬಿನಲ್ಲಿ ಗ್ನೂ/ಲಿನಕ್ಸ್ ಹಾಕಬೇಕಿತ್ತು. ಹಳೆಯ ಯಂತ್ರಗಳಲ್ಲಿದ್ದ 128 ಎಂ.ಬಿ. ರ‍್ಯಾಮ್ ಅದಕ್ಕೆ ಸಾಲದು. ರಕ್ಷಕ ಶಿಕ್ಷಕ ಸಂಘದವರು ಕೊಟ್ಟ ಹಣದಲ್ಲಿ ಮೂರು ರ‍್ಯಾಮ್ ಕೊಂಡು ತಂದೆವು. ಕೂರಿಸಲು ನೋಡಿದರೆ ಒಂದೂ ಕೂರಲಿಲ್ಲ. ಇನ್ನಷ್ಟು ಒತ್ತಲು ಹೊರಟಾಗ ಪಕ್ಕದಲ್ಲಿ ನಿಂತಿದ್ದ ಹತ್ತನೆಯ ತರಗತಿಯ ಹುಡುಗ, "ಸಾರ್, ಕಚ್ಚು ಬೇರೆ ಕಡೆ ಉಂಟು" ಎಂದ.

ಅವನು ಹೇಳಿದ್ದು ಸರಿ. ಬೋರ್ಡಿಗೆ ಬೇಕಾದದ್ದು ಡಿಡಿಆರ್, ನಾವು ತಂದದ್ದು ಡಿಡಿಆರ್2. ಉದ್ದ ಒಂದೇ, ಆದರೆ ಮೊದಲಿನದಕ್ಕೆ 184 ಪಿನ್ನು, ಎರಡನೆಯದಕ್ಕೆ 240. ಒಂದಕ್ಕೆ 2.5 ವೋಲ್ಟ್, ಇನ್ನೊಂದಕ್ಕೆ 1.8 ವೋಲ್ಟ್. ತಪ್ಪಾಗಿ ಕೂರಿಸಿ ಸುಡಬಾರದೆಂದೇ ಕಚ್ಚಿನ ಜಾಗ ಬದಲಿಸಿದ್ದರು. ಅಂಗಡಿಯವರ ತಪ್ಪೇನೂ ಇಲ್ಲ. ನಾವು "256 ಎಂ.ಬಿ. ರ‍್ಯಾಮ್ ಕೊಡಿ" ಎಂದಿದ್ದೆವು, ಕೊಟ್ಟರು. ಯಾವ ಬೋರ್ಡಿಗೆ ಎಂದು ನಾವು ಹೇಳಿರಲಿಲ್ಲ. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಬದಲಿಸಿ ತರುವವರೆಗೆ ಒಂದೊಂದು ಯಂತ್ರದ ಮುಂದೆ ನಾಲ್ಕು ನಾಲ್ಕು ಮಕ್ಕಳು ಕೂತರು. ಆಮೇಲೆ ತಿಳಿದ ಇನ್ನೊಂದು ಸಂಗತಿ: ಹಳೆಯ ಡಿಡಿಆರ್‌ಗೇ ಬೆಲೆ ಹೆಚ್ಚು! ತಯಾರಿಕೆ ಕಡಿಮೆಯಾದ ಮೇಲೆ ಹಳೆಯ ವಸ್ತು ತುಟ್ಟಿಯಾಗುತ್ತದೆ.

ಅಷ್ಟಕ್ಕೂ ಬೇರೆ ಬೇರೆ ಕಂಪೆನಿಗಳ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿ ಬಾಳುವುದಾದರೂ ಹೇಗೆ? ಇದಕ್ಕೊಂದು ಚರಿತ್ರೆಯಿದೆ.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿ.ಸಿ.ಯನ್ನು ಹೊರತಂದಿತು. ಅವಸರದ ಕೆಲಸವಾದ್ದರಿಂದ ಇಂಟೆಲಿನ 8088 ಪ್ರೊಸೆಸರ್ ಸೇರಿದಂತೆ ಮಾರುಕಟ್ಟೆಯಲ್ಲಿದ್ದ ಭಾಗಗಳನ್ನೇ ಬಳಸಿತು. ಸರ್ಕ್ಯೂಟಿನ ನಕ್ಷೆಗಳನ್ನೂ ಪುಸ್ತಕವಾಗಿ ಪ್ರಕಟಿಸಿತು. ಕಾಂಪ್ಯಾಕ್ ಕಂಪೆನಿಯವರು ನಕಲು ಮಾಡದೆ ಬಯಾಸನ್ನು ಹೊಸದಾಗಿ ಬರೆದು, 1982ರ ನವೆಂಬರಿನಲ್ಲಿ ಐಬಿಎಂಗೆ ಹೊಂದುವ ಯಂತ್ರವನ್ನು ಪ್ರಕಟಿಸಿದರು. 'ಕಂಪ್ಯಾಟಿಬಲ್' ಎಂಬ ಮಾತು ಹೀಗೆ ಮನೆಮಾತಾಯಿತು. ಭಾರತದಲ್ಲಿ 1984ರ ನವೆಂಬರಿನ ಕಂಪ್ಯೂಟರ್ ನೀತಿಯಿಂದ ಆಮದಿನ ನಿರ್ಬಂಧ ಸಡಿಲವಾಯಿತು. ಅಂಗಡಿಯಲ್ಲೇ ಜೋಡಿಸಿದ 'ಅಸೆಂಬಲ್ಡ್' ಕಂಪ್ಯೂಟರುಗಳು ಬರಲು ದಾರಿಯಾಯಿತು.

1987ರಲ್ಲಿ ಐಬಿಎಂ ಬಾಗಿಲು ಮುಚ್ಚಲು ನೋಡಿತು. ಪಿಎಸ್/2 ಯಂತ್ರಗಳಲ್ಲಿ ಹೊಸ ಬಗೆಯ ಸ್ಲಾಟ್ ತಂದು, ಬಳಸುವವರು ಹಣ ಕೊಡಬೇಕೆಂದಿತು. 1988ರಲ್ಲಿ ಒಂಬತ್ತು ಕಂಪೆನಿಗಳು ಸೇರಿ ತಮ್ಮದೇ ಬೇರೆ ಮಾನದಂಡ ಮಾಡಿಕೊಂಡವು. ಐಬಿಎಂನ ಸ್ಲಾಟ್ ಮೂಲೆಗೆ ಸೇರಿತು. ಆದರೆ ನಮ್ಮ ಲ್ಯಾಬಿನ ಕೀಬೋರ್ಡು, ಮೌಸುಗಳ ಆ ದುಂಡನೆಯ ಪಿನ್ನು ಇದೆಯಲ್ಲ, ಅದು ಪಿಎಸ್/2 ಬಿಟ್ಟುಹೋದ ಗುರುತು!

1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾನದಂಡ ತಂದಿತು. ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ, ವಿದ್ಯುತ್ ಜೋಡಣೆ ಎಲ್ಲವೂ ಗೊತ್ತಾದವು. ಆ ಕಾಲದ ಸಾಕೆಟ್ 7ರಲ್ಲಿ ಇಂಟೆಲ್, ಎಎಂಡಿ, ಸೈರಿಕ್ಸ್ ಮೂವರ ಪ್ರೊಸೆಸರುಗಳೂ ಕೂರುತ್ತಿದ್ದವು. 1997ರಲ್ಲಿ ಇಂಟೆಲ್ ಪೆಂಟಿಯಂ 2ಕ್ಕಾಗಿ ಸ್ಲಾಟ್ 1 ತಂದ ಮೇಲೆ ಮನೆ ಎರಡಾಯಿತು. ಅಂದಿನಿಂದ ಬೋರ್ಡು ಕೊಳ್ಳುವ ಮೊದಲು 'ಇಂಟೆಲೋ ಎಎಂಡಿಯೋ' ಎಂದು ತೀರ್ಮಾನಿಸಲೇಬೇಕು.

ಸಾಕೆಟ್ ಒಂದೇ ಎಂದ ಮಾತ್ರಕ್ಕೂ ನಂಬುವಂತಿಲ್ಲ. ಎಲ್‌ಜಿಎ 1151 ಎಂಬ ಹೆಸರಿನ ಸಾಕೆಟಿಗೆ 2015ರಲ್ಲಿ ಬಂದ ಬೋರ್ಡುಗಳು 2017ರ ಎಂಟನೆಯ ತಲೆಮಾರಿನ ಪ್ರೊಸೆಸರುಗಳಿಗೆ ಆಗಲಿಲ್ಲ. ಎಎಂಡಿಯ ಎಎಂ4 ಸಾಕೆಟ್ 2016ರಿಂದ ಹಲವು ತಲೆಮಾರು ನಡೆಯಿತು, ಅದಕ್ಕೂ ಕೆಲವೊಮ್ಮೆ ಬಯಾಸ್ ಹೊಸತು ಮಾಡಬೇಕು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದರೆ ಕಚ್ಚು ಬೇರೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಾವು ಈಗ ಮಾಡುವುದು ಇಷ್ಟು:

1. ಮುಚ್ಚಳ ತೆಗೆದು ಬೋರ್ಡಿನ ಹೆಸರು, ಸಂಖ್ಯೆ ಬರೆದುಕೊಳ್ಳುವುದು.
2. ಅದು ಯಾವ ಪ್ರೊಸೆಸರ್ ಒಪ್ಪುತ್ತದೆ, ಯಾವ ಬಗೆಯ ರ‍್ಯಾಮ್, ಗರಿಷ್ಠ ಎಷ್ಟು ಎಂದು ತಯಾರಕರ ಪಟ್ಟಿಯಲ್ಲಿ ನೋಡುವುದು.
3. ಹೊಸ ಕಾರ್ಡು ಹಾಕುವುದಾದರೆ ಪವರ್ ಸಪ್ಲೈ ಎಷ್ಟು ವ್ಯಾಟ್ ಎಂದು ನೋಡುವುದು, ಪೆಟ್ಟಿಗೆಯಲ್ಲಿ ಜಾಗ ಅಳೆಯುವುದು.
4. ಹಳೆಯ ರ‍್ಯಾಮ್ ಒಂದನ್ನು ಜೊತೆಗೇ ಒಯ್ಯುವುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಪ್ರೊಸೆಸರೂ ಅವರ ಪಟ್ಟಿಯಲ್ಲಿರಬೇಕು. ಚೆನ್ನಾಗಿಯೇ ಓಡುವ ಎಷ್ಟೋ ಯಂತ್ರಗಳು ಇದರಿಂದ ಗುಜರಿಯ ದಾರಿ ಹಿಡಿದಿವೆ. ನಿಮ್ಮ ಶಾಲೆಯಲ್ಲಿ ಅಂಥವಿದ್ದರೆ ಎಸೆಯುವ ಮೊದಲು ಮುಚ್ಚಳ ತೆಗೆದು ನೋಡಿ. ಹೊಂದುವ ರ‍್ಯಾಮ್ ಒಂದು, ಎಸ್‌ಎಸ್‌ಡಿ ಒಂದು, ಗ್ನೂ/ಲಿನಕ್ಸ್ ಇದ್ದರೆ ಇನ್ನೂ ಕೆಲವು ವರ್ಷ ಮಕ್ಕಳು ಅದರಲ್ಲಿ ಕಲಿಯಬಹುದು.

ಮುಚ್ಚಳ ತೆಗೆಯುವಾಗ ಮಕ್ಕಳನ್ನೂ ಹತ್ತಿರ ಕರೆಯಿರಿ. ನಮ್ಮ ಕಣ್ಣಿಗೆ ಬೀಳದ ಕಚ್ಚು ಅವರ ಕಣ್ಣಿಗೆ ಬೀಳುತ್ತದೆ.